ರಸ್ತೆ ಯಾರದು? ದುಡ್ಡು ಎಲ್ಲಿಂದ?



ರಸ್ತೆಯಲ್ಲಿ ಗುಂಡಿ ಬಿದ್ದರೆ ನಾವೆಲ್ಲ ಒಂದೇ ಮಾತು ಹೇಳುತ್ತೇವೆ: "ಪಂಚಾಯಿತಿಯವರು ಮಾಡಿಸಬೇಕು." ಆದರೆ ಎಲ್ಲಾ ರಸ್ತೆಯೂ ಪಂಚಾಯಿತಿಯದಲ್ಲ. ಯಾವ ರಸ್ತೆ ಯಾರದು, ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಮಾತ್ರ ಸರಿಯಾದ ಕಡೆ ಕೇಳಬಹುದು. ಸಮಾಜ ಪಾಠದ ಮೇಷ್ಟ್ರನ್ನು ಕೇಳಿ, ನಮ್ಮ ಬೀದಿಯನ್ನು ಟೇಪು ಹಿಡಿದು ಅಳೆದು ಇದನ್ನು ಬರೆದಿದ್ದೇನೆ.

ರಸ್ತೆಗಳ ವಿಧ

ನಮ್ಮ ಕಂಪಲಾಪುರದ ಮೇಲೆ ಹೋಗುವ ಮೈಸೂರು–ಮಡಿಕೇರಿ ರಸ್ತೆ ಮೊದಲು 88ನೇ ರಾಜ್ಯ ಹೆದ್ದಾರಿ ಆಗಿತ್ತು. ಈಗ ಅದು ಬೆಂಗಳೂರಿನಿಂದ ಬಂಟ್ವಾಳದವರೆಗೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸರ್ಕಾರದ ಹಣ. ರಾಜ್ಯ ಹೆದ್ದಾರಿಗಳನ್ನು ರಾಜ್ಯದ ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಊರೊಳಗಿನ ಬೀದಿ, ಚರಂಡಿ, ಬೀದಿ ದೀಪ ಇವು ಗ್ರಾಮ ಪಂಚಾಯಿತಿಯ ಕೆಲಸ. ಹೆದ್ದಾರಿ ಅಂಚಿಗೆ ಏನಾದರೂ ಬೇಕಾದರೆ ಪಂಚಾಯಿತಿ ನಿರ್ಣಯ ಮಾಡಿ ಆ ಇಲಾಖೆಗೆ ಬರೆಯಬೇಕು.

ದುಡ್ಡಿನ ಲೆಕ್ಕ

ಪಂಚಾಯಿತಿಗೆ ಮನೆ ಕಂದಾಯ, ನೀರಿನ ಕಂದಾಯ ಬರುತ್ತದೆ. ಸರ್ಕಾರದಿಂದ ಅನುದಾನವೂ ಬರುತ್ತದೆ. ಆದರೆ ಅನುದಾನವನ್ನು ಇಷ್ಟ ಬಂದ ಹಾಗೆ ಖರ್ಚು ಮಾಡುವ ಹಾಗಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ 100 ರೂಪಾಯಿ ಬಂದರೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40 ರೂಪಾಯಿಯಲ್ಲಿ ಊರಿನ ಬೇರೆ ಅಗತ್ಯಗಳನ್ನು ನೋಡಬೇಕಿತ್ತು. ಅದನ್ನು ಸಂಬಳಕ್ಕೆ ಬಳಸುವಂತಿರಲಿಲ್ಲ. ಎಲ್ಲಾ ಬೀದಿಗೂ ಒಂದೇ ವರ್ಷ ಕೆಲಸ ಯಾಕೆ ಆಗಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಯಾವುದು ಮೊದಲು?

ಮೊದಲು ನೀರಿನ ಪೈಪು, ಆಮೇಲೆ ಚರಂಡಿ, ಕೊನೆಗೆ ರಸ್ತೆ. ಕಾಂಕ್ರೀಟು ಹಾಕಿದ ಮೇಲೆ ಪೈಪು ಹಾಕಲು ಹೋದರೆ ಹೊಸ ರಸ್ತೆಯನ್ನೇ ಅಗೆಯಬೇಕು. ಚರಂಡಿ ಇಲ್ಲದೆ ರಸ್ತೆ ಮಾಡಿದರೆ ಮಳೆ ನೀರು ಅಂಚಿನಲ್ಲಿ ನಿಂತು ಕೆಳಗಿನ ಮಣ್ಣು ಮೆತ್ತಗಾಗಿ ರಸ್ತೆ ಕುಸಿಯುತ್ತದೆ. ಎರಡು ಸಲ ದುಡ್ಡು ಖರ್ಚು.

ನಡೆಯುವವರ ದಾರಿ

ಪಟ್ಟಣದ ಫುಟ್‌ಪಾತ್ ಕಡಿಮೆ ಅಂದರೂ 1.8 ಮೀಟರ್ ಅಗಲ ಇರಬೇಕು, ಅದರ ಅಂಚು 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 2012ರಲ್ಲಿ ಹೇಳಿದೆ. ಮುದುಕರು, ಕಾಲಿಲ್ಲದವರ ಗಾಲಿ ಕುರ್ಚಿ ಎಲ್ಲಾ ಹೋಗಬೇಕಲ್ಲ! ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇಲ್ಲ. ಚರಂಡಿ ಮೇಲಿನ ಚಪ್ಪಡಿಯೇ ನಮಗೆ ಫುಟ್‌ಪಾತ್. ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ಬೇಲು ತುಂಬಿದ ಟ್ರ್ಯಾಕ್ಟರ್ ಬಂದರೆ ಎಲ್ಲರೂ ಚಪ್ಪಡಿ ಮೇಲೇ ಹತ್ತಬೇಕು. ನಾನು ಅಳೆದ 84 ಮೀಟರಿನಲ್ಲಿ 7 ಕಡೆ ಚಪ್ಪಡಿ ಇಲ್ಲ. ಒಂದನೇ ತರಗತಿ ಮಕ್ಕಳಿಗೆ ಅದನ್ನು ದಾಟಲು ಆಗುವುದಿಲ್ಲ. ಅವರು ರಸ್ತೆಗೇ ಇಳಿಯುತ್ತಾರೆ.

ಯಾರು ತೀರ್ಮಾನ ಮಾಡಬೇಕು?

ನಮ್ಮ ಮನೆಯಲ್ಲೇ ಮೂರು ಅಭಿಪ್ರಾಯ. ಅಪ್ಪನಿಗೆ ಹೊಲದ ದಾರಿ ಆಗಬೇಕು. ಅವ್ವನಿಗೆ ಬೀದಿ ದೀಪ ಬೇಕು. ಅಜ್ಜಿ, "ದೀಪ ಇದ್ರೆ ಗುಂಡಿ ಕಾಣುತ್ತೆ ಅಷ್ಟೇ ಕಣೇ, ಮೊದ್ಲು ಚಪ್ಪಡಿ ಹಾಕ್ಸಿ" ಅಂತಾರೆ. ಮೂವರದೂ ನಿಜ. ಅದಕ್ಕೇ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಸಭೆ ಇದೆ. ಆರು ತಿಂಗಳಿಗೆ ಒಂದು ಸಲವಾದರೂ ಅದು ಸೇರಬೇಕು. ಮೊದಲು ವಾರ್ಡ್ ಸಭೆಯಲ್ಲಿ ಬೀದಿಯ ಬೇಡಿಕೆ ಹೇಳಬೇಕು. ಗ್ರಾಮ ಸಭೆಯಲ್ಲಿ ಯಾವುದು ಮೊದಲು ಅಂತ ಚರ್ಚೆ ಆಗುತ್ತದೆ. ಅದು ಕ್ರಿಯಾ ಯೋಜನೆಗೆ ಸೇರಿ, ಎಂಜಿನಿಯರ್ ಅಂದಾಜು ಪಟ್ಟಿ ಮಾಡಿ, ಮಂಜೂರಾದ ಮೇಲೆ ಕೆಲಸ. ಸಭೆಗೆ ಹೋಗದೆ ಜಗಲಿ ಮೇಲೆ ಕೂತು ಬೈದರೆ ಕ್ರಿಯಾ ಯೋಜನೆಯಲ್ಲಿ ನಮ್ಮ ಬೀದಿ ಇರುವುದಿಲ್ಲ.

ನಮಗೆ ಓಟು ಇಲ್ಲ. ಆದರೂ ಮಕ್ಕಳ ಗ್ರಾಮ ಸಭೆ ಇದೆ. ಅಲ್ಲಿ "ರಸ್ತೆ ಮಾಡಿಸಿ ಕೊಡಿ" ಅಂದರೆ ಸಾಲದು. "ಈ ಬೀದಿ, ಇಷ್ಟು ಮೀಟರ್, ಇಷ್ಟು ಚಪ್ಪಡಿ, ಇಷ್ಟು ಮಕ್ಕಳು ದಿನಾ ನಡೆಯುತ್ತಾರೆ" ಅಂತ ಬರೆದು ಕೊಡಬೇಕು. ಲೆಕ್ಕ ಇದ್ದ ಬೇಡಿಕೆಗೆ ಅಂದಾಜು ಪಟ್ಟಿ ಮಾಡುವುದು ಸುಲಭ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಎಷ್ಟು ಕಡೆ ಚಪ್ಪಡಿ ಇಲ್ಲ? ಎಣಿಸಿ.
2. ಅದು ಯಾವ ವಿಧದ ರಸ್ತೆ? ಯಾರಿಗೆ ಬರೆಯಬೇಕು?
3. ದುಡ್ಡು ಒಂದೇ ಕೆಲಸಕ್ಕೆ ಸಾಕಾದರೆ ನೀವು ಯಾವುದನ್ನು ಮೊದಲು ಹೇಳುತ್ತೀರಿ? ಯಾಕೆ?

ಉತ್ತರಗಳನ್ನು ಶನಿವಾರದೊಳಗೆ ನನಗೆ ಕೊಡಿ. ಎಲ್ಲಾ ಬೀದಿಯದೂ ಸೇರಿಸಿ ಒಂದೇ ಪಟ್ಟಿ ಮಾಡಿ ಮಕ್ಕಳ ಗ್ರಾಮ ಸಭೆಗೆ ತೆಗೆದುಕೊಂಡು ಹೋಗೋಣ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ