ಗೋಡೆಯ ಮೇಲಿನ ಟಿ.ವಿ. ಮತ್ತು ಮನೆಯೊಡೆಯನ ಹೊಣೆ

ದಸರಾ ಬರಲಿ, ಈದ್ ಬರಲಿ, ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಚಪ್ಪಟೆ ಟಿ.ವಿ.ಗಳ ಸಾಲು ದಾರಿಹೋಕರ ಕಣ್ಸೆಳೆಯುತ್ತದೆ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಲಕ್ಷ ರೂಪಾಯಿ ದಾಟುವ ಟಿ.ವಿ.ಯೂ ತಿಂಗಳ ಕಂತಿನಲ್ಲಿ ಕೈಗೆಟುಕುವಂತೆ ತೋರುತ್ತದೆ. ಇಂತಹ ವಸ್ತುವನ್ನು ಮನೆಗೆ ತರುವ ಮುನ್ನ ಸತ್ಯವಿಶ್ವಾಸಿಯು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಯಾವುವು?

ಯಂತ್ರದ ತಪ್ಪಲ್ಲ

ಟಿ.ವಿ.ಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಯಂತ್ರವೊಂದು ತಾನಾಗಿ ಪಾಪವನ್ನೂ ಮಾಡದು, ಪುಣ್ಯವನ್ನೂ ಗಳಿಸದು. 1935ರಲ್ಲಿ ಇದೇ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. 1965ರಲ್ಲಿ ಸೌದಿ ಅರೇಬಿಯಾದಲ್ಲಿ ಟಿ.ವಿ. ಬಂದಾಗ ತೀವ್ರ ವಿರೋಧವೆದ್ದಿತ್ತು. ಇಂದು ಮಕ್ಕಾದ ತರಾವೀಹ್ ನಮಾಝನ್ನು ಜಗತ್ತು ನೋಡುವುದು ಅದೇ ಟಿ.ವಿ.ಯಲ್ಲಿ.

ವಿನೋದವನ್ನು ಇಸ್ಲಾಮ್ ಮುಚ್ಚಿಟ್ಟಿಲ್ಲ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಭರ್ಚಿಯ ಆಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ಹ. ಆಯಿಶಾರಿಗೆ(ರ) ಅದನ್ನು ತೋರಿಸಿದರು. ಅವರಿಗೆ ಸಾಕೆನಿಸುವವರೆಗೂ ಜೊತೆಯಲ್ಲೇ ನಿಂತಿದ್ದರು. ಮನೆಯವರ ಸಂತೋಷಕ್ಕೆ ಸಮಯ ಕೊಡುವುದು ಸುನ್ನತ್ ಎಂದಾಯಿತು. ಆದರೆ ಅಲ್ಲಿ ಆಟವೂ ಸಭ್ಯವಾಗಿತ್ತು, ನೋಟಕ್ಕೊಂದು ಕೊನೆಯೂ ಇತ್ತು.

ಹಣ ಎಲ್ಲಿಂದ?

ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಪುನರುತ್ಥಾನ ದಿನ ಉತ್ತರ ಕೊಡದೆ ಯಾರೂ ಹೆಜ್ಜೆ ಕೀಳಲಾರರೆಂದು ಹದೀಸ್ ಎಚ್ಚರಿಸುತ್ತದೆ. ಅಂಗಡಿಯವರು 'ಬಡ್ಡಿಯಿಲ್ಲದ ಕಂತು' ಎನ್ನುತ್ತಾರೆ. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ಹೆಸರಿನಲ್ಲಿ ಅಡಗಿಸಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ನಗದು ಕೊಟ್ಟವನಿಗೆ ಐದು ಸಾವಿರ ರಿಯಾಯಿತಿ ಇದ್ದು, ಬ್ಯಾಂಕಿನ ಸಾಲದ ಕಂತಿನವನಿಗೆ ಅದು ಇಲ್ಲವೆಂದಾದರೆ ಆ ಐದು ಸಾವಿರ ಏನು? ಸಹಿ ಹಾಕುವ ಮುನ್ನ ಸಾಲದ ಕಾಗದದಲ್ಲಿ ಬಡ್ಡಿಯ ದರ ಬರೆದಿದೆಯೇ ಎಂದು ಓದಿರಿ. ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದ ಬಡ್ಡಿಯನ್ನು ಮನರಂಜನೆಗಾಗಿ ಹೊತ್ತುಕೊಳ್ಳಲು ಯಾವ ನಿರ್ಬಂಧವಿದೆ? ಒಂದು ವರ್ಷ ಉಳಿತಾಯ ಮಾಡಿ ನಗದಿನಲ್ಲಿ ಕೊಳ್ಳುವವನು ವಸ್ತುವನ್ನೂ ಪಡೆಯುತ್ತಾನೆ, ನೆಮ್ಮದಿಯನ್ನೂ ಪಡೆಯುತ್ತಾನೆ.

ಎಷ್ಟು ದೊಡ್ಡದು?

ಖರ್ಚಿನಲ್ಲಿ ದುಂದೂ ಇಲ್ಲದ, ಜಿಪುಣತನವೂ ಇಲ್ಲದ ಮಧ್ಯಮ ಮಾರ್ಗವನ್ನು ಕುರ್‌ಆನ್ ಮೆಚ್ಚುತ್ತದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬೆಳಕಿನ ಚುಕ್ಕೆಗಳಿರುತ್ತವೆ. ಆದರೆ 55 ಇಂಚಿನ ಪರದೆಯನ್ನು ಎಂಟು-ಹತ್ತು ಅಡಿ ದೂರದಿಂದ ನೋಡುವವರಿಗೆ 4ಕೆಗೂ ಪೂರ್ಣ ಎಚ್.ಡಿ.ಗೂ ಇರುವ ವ್ಯತ್ಯಾಸ ಅಷ್ಟಾಗಿ ಕಾಣದು. ಕಣ್ಣಿಗೇ ಕಾಣದ್ದಕ್ಕೆ ಹಣ ತೆರುವುದು ಯಾರಿಗಾಗಿ? ಬಂದವರು ನೋಡಿ ಬೆರಗಾಗಲಿ ಎಂಬುದಕ್ಕಾದರೆ ಅದು ಅಗತ್ಯವಲ್ಲ, ಪ್ರದರ್ಶನ. ನಮ್ಮ ಮೊಹಲ್ಲಾಗಳಲ್ಲಿ ಬೀಡಿ ಕಟ್ಟಿ, ಅಗರಬತ್ತಿ ಹೊಸೆದು ಸಂಸಾರ ನಡೆಸುವ ತಾಯಂದಿರಿದ್ದಾರೆ. ಸಾರಿಗೆ ಸ್ವಲ್ಪ ನೀರು ಹೆಚ್ಚಿಸಿಯಾದರೂ ನೆರೆಯವರಿಗೆ ಕೊಡಿರೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮಗಳ ಕಾಲೇಜಿನ ಫೀಸು, ತಂದೆಯ ಔಷಧಿ, ಝಕಾತ್ ಇವುಗಳ ಸರದಿ ಟಿ.ವಿ.ಗಿಂತ ಮೊದಲು ಬರಬೇಕಲ್ಲವೇ?

ಯಾವ ಗೋಡೆ, ಯಾವ ಹೊತ್ತು?

ಹ. ಆಯಿಶಾರ(ರ) ಮನೆಯಲ್ಲಿ ಚಿತ್ರಗಳಿದ್ದ ಒಂದು ಪರದೆ ತೂಗುತ್ತಿತ್ತು. ಅದರ ಚಿತ್ರಗಳು ನಮಾಝಿನಲ್ಲಿ ತಮ್ಮೆದುರು ಸುಳಿಯುತ್ತವೆಂದು ಪ್ರವಾದಿವರ್ಯರು(ಸ) ಅದನ್ನು ತೆಗೆಯಲು ಹೇಳಿದರು. ಬಟ್ಟೆಯ ಚಲಿಸದ ಚಿತ್ರವೇ ಅಷ್ಟು ಅಡ್ಡಿಯಾದರೆ ನಮ್ಮ ಪರದೆಯ ಗತಿಯೇನು? ಮೈಸೂರಿನಿಂದ ಕಿಬ್ಲಾ ಇರುವುದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ನಮಾಝ್ ಮಾಡುವ ಕೋಣೆಯ ಪಡುವಣ ಗೋಡೆಗೆ ಟಿ.ವಿ. ತೂಗುಹಾಕಿದರೆ, ಅದು ಆರಿದ್ದಾಗಲೂ ಆ ಕಪ್ಪು ಗಾಜಿನಲ್ಲಿ ನಮಾಝಿನವನ ಪ್ರತಿಬಿಂಬವೇ ಕಾಣುತ್ತದೆ. ಮೊಳೆ ಹೊಡೆಯುವ ಮೊದಲು ಇದನ್ನು ಯೋಚಿಸಿರಿ.

ಇಶಾಕ್ಕೆ ಮುಂಚೆ ನಿದ್ರಿಸುವುದನ್ನೂ ಇಶಾದ ನಂತರ ಹರಟೆಯನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ಒಂದು ಕಂತು ಮುಗಿಯುತ್ತಲೇ ಇನ್ನೊಂದು ತಾನಾಗಿಯೇ ಆರಂಭವಾಗುವ ಈ ಕಾಲದಲ್ಲಿ ರಾತ್ರಿಯ ಒಂದು ಗಂಟೆ ಫಜ್ರ್‌ನ ನಮಾಝನ್ನೇ ಕಸಿಯುತ್ತದೆ. ತಾನಾಗಿ ಮುಂದುವರಿಯುವ ಆ ಏರ್ಪಾಟನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು.

ಟಿ.ವಿ.ಯೂ ನೋಡುತ್ತದೆ

ಇನ್ನೊಂದು ಮಾತು. ಇಂಟರ್ನೆಟ್ ಸಂಪರ್ಕವಿರುವ ಅನೇಕ ಟಿ.ವಿ.ಗಳು ಮನೆಯವರು ಏನು ನೋಡುತ್ತಾರೆಂಬುದನ್ನು ಗುರುತಿಸಿ ಕಂಪೆನಿಗೆ ಕಳುಹಿಸಬಲ್ಲವು. ಒಪ್ಪಿಗೆಯಿಲ್ಲದೆ ಹೀಗೆ ಮಾಡಿದ್ದಕ್ಕಾಗಿ ಅಮೇರಿಕದ ವಿಜಿಯೋ ಕಂಪೆನಿ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ಪರರ ಗುಟ್ಟನ್ನು ಇಣುಕಿ ನೋಡುವುದನ್ನು ನಿಷೇಧಿಸಿದ ಧರ್ಮದವರು ತಮ್ಮ ಮನೆಯ ಗುಟ್ಟನ್ನೂ ಕಾಯಬೇಕು. ಆ ಅನುಮತಿಗಳಿಗೆ 'ಬೇಡ' ಎನ್ನಿರಿ.

ಆದರೆ ಕಂಪೆನಿಯ ಕಣ್ಣಿಗೆ ಅಂಜುವ ನಾವು, ಬಾಗಿಲು ಮುಚ್ಚಿದ ಕೋಣೆಯಲ್ಲಿಯೂ ನಮ್ಮನ್ನು ನೋಡುತ್ತಿರುವವನಿಗೆ ಅದಕ್ಕಿಂತ ಎಷ್ಟು ಹೆಚ್ಚು ಅಂಜಬೇಕು! ಮನೆಯೊಡೆಯನು ತನ್ನ ಮನೆಯವರ ಕಾವಲುಗಾರ, ಅವರ ಬಗ್ಗೆ ಅವನನ್ನು ವಿಚಾರಿಸಲಾಗುವುದು. ಹೆಂಡತಿ ಮಕ್ಕಳೊಂದಿಗೆ ಕುಳಿತು ಈ ಪ್ರಶ್ನೆಗಳನ್ನು ಚರ್ಚಿಸಿರಿ. ಎಲ್ಲಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಟಿ.ವಿ. ತನ್ನಿರಿ. ಸಿಗದಿದ್ದರೆ ಗೋಡೆ ಖಾಲಿಯೇ ಇರಲಿ. ಅಲ್ಲಾಹನು ನಮ್ಮ ಮನೆಗಳನ್ನು ಶಾಂತಿಯ ತಾಣಗಳನ್ನಾಗಿ ಮಾಡಲಿ, ಆಮೀನ್.