ಹುಡುಕುಪೆಟ್ಟಿಗೆಗೆ ಏನನ್ನು ಓದಿಸಬೇಕು, ಏನನ್ನು ಓದಿಸಬಾರದು



ನಮ್ಮ ಸಂಘದ ಜಾಲತಾಣದ ಮೇಲ್ಭಾಗದಲ್ಲಿ ಒಂದು ಸಣ್ಣ ಹುಡುಕುಪೆಟ್ಟಿಗೆ ಇರುವುದನ್ನು ತಾವೆಲ್ಲರೂ ಬಲ್ಲಿರಿ. ಅದರಲ್ಲಿ ಒಂದು ಮಾತನ್ನು ಬರೆದು ಒತ್ತಿದರೆ ಆ ಮಾತು ಇರುವ ಪುಟಗಳ ಪಟ್ಟಿ ಬರುತ್ತದೆ. ಕಳೆದ ಮುಂಗಾರಿನಲ್ಲಿ ಈ ಪೆಟ್ಟಿಗೆಯ ಮಾತು ಕೇಳಿ ಸದಸ್ಯರೊಬ್ಬರ ತೋಟಕ್ಕೆ ನಿಷೇಧಿತ ಔಷಧಿ ಬೀಳುವುದರಲ್ಲಿತ್ತು. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಗೊಬ್ಬರ, ನೀರು, ಕಸಿಗಳಿಗೆ ಕೊಡದೆ ಈ ಪೆಟ್ಟಿಗೆಗೇ ಕೊಡುತ್ತಿದ್ದೇವೆ.

ನಡೆದದ್ದು ಇಷ್ಟು. ದೊಡ್ಡಬಳ್ಳಾಪುರ ತಾಲ್ಲೂಕು ಸಾಸಲು ಹೋಬಳಿಯ ಕಡೆಯ ಸದಸ್ಯರೊಬ್ಬರ ತೋಟದಲ್ಲಿ ಅಡಿಕೆ ಗಿಡಗಳು ಹಳದಿಗೆ ತಿರುಗಿದವು. ಬುಡ ಬಿಡಿಸಿ ನೋಡಿದರೆ ಗೊಣ್ಣೆಹುಳು ಬೇರು ತಿಂದಿತ್ತು. ಅವರ ಮಗ ಫೋನಿನಲ್ಲಿ ನಮ್ಮ ತಾಣ ತೆರೆದು ‘ಗೊಣ್ಣೆಹುಳು’ ಎಂದು ಹುಡುಕಿದ. ಎಲ್ಲಕ್ಕಿಂತ ಮೇಲೆ ಬಂದದ್ದು ನಮ್ಮ ಪತ್ರಿಕೆಯದೇ ಹಳೆಯ ಲೇಖನ. ಬುಡಕ್ಕೆ ಫೋರೇಟ್ ಹರಳು ಹಾಕಿರಿ ಎಂದು ಅದರಲ್ಲಿತ್ತು. ಹುಡುಗ ಅದನ್ನೇ ಬರೆದುಕೊಂಡು ಅಂಗಡಿಗೆ ಹೋದ. “ಅದು ನಿಂತು ವರ್ಷಗಳಾಯ್ತು ಕಣಪ್ಪ, ಯಾರು ಹೇಳಿದ್ದು ನಿಂಗೆ?” ಎಂದು ಅಂಗಡಿಯವರು ಕೇಳಿದ್ದಕ್ಕೆ, “ಸಂಘದೋರೇ ಹೇಳವ್ರಲ್ಲ, ನೋಡಿ” ಎಂದು ಫೋನು ತೋರಿಸಿದನಂತೆ. ಅಂಗಡಿಯವರು ಒಳ್ಳೆಯವರಾದ್ದರಿಂದ ಅವನನ್ನು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿದರು. ಉಳಿದ ಹಳೆಯ ದಾಸ್ತಾನನ್ನು ಗುಟ್ಟಾಗಿ ಮಾರುವವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಫೋರೇಟನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ಪೂರ್ಣವಾಗಿ ನಿಷೇಧಿಸಿದೆ. ನಮ್ಮ ಲೇಖನ ಅದಕ್ಕೂ ಬಹಳ ಹಿಂದಿನದು, ಅಂದಿಗೆ ಸರಿಯಾದದ್ದೇ. ಕಾಫಿಯ ಬಿಳಿ ಕಾಂಡಕೊರಕದ ಬಗ್ಗೆ ಹಿಂದೆ ಬರೆದದ್ದೂ ಹೀಗೆಯೇ. ಅಂದು ಕಾಂಡಕ್ಕೆ ಬಳಿಯಲು ಹೇಳುತ್ತಿದ್ದ ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಅನಂತರ ಬಂದ ಲಿಂಡೇನ್ ಬಳಕೆಯೂ 2013ರಲ್ಲಿ ನಿಂತಿತು. ಹಳೆಯ ಸಂಚಿಕೆ ಬೀರುವಿನಲ್ಲಿ ಇದ್ದಾಗ ಅದರ ಹಳದಿ ಕಾಗದವೇ ಅದರ ವಯಸ್ಸನ್ನು ಹೇಳುತ್ತಿತ್ತು. ಜಾಲತಾಣದಲ್ಲಿ ಎಲ್ಲ ಪುಟವೂ ಒಂದೇ ಬಿಳುಪು.

ಆದರೆ ಹೊಸ ಲೇಖನ ಇರಲಿಲ್ಲವೇ? ಇತ್ತು. ಎರಡು ವರ್ಷದ ಹಿಂದೆಯೇ ಹೊಸ ಶಿಫಾರಸುಗಳ ಸುತ್ತೋಲೆಯನ್ನು ತಾಣಕ್ಕೆ ಏರಿಸಿದ್ದೆವು. ಅದು ಏಕೆ ಬರಲಿಲ್ಲ ಎಂಬುದೇ ಈ ಪಾಠದ ತಿರುಳು.

ಪೆಟ್ಟಿಗೆ ಓದುವುದು ಹೇಗೆ?

ನಾವು ಒತ್ತಿದ ಕ್ಷಣದಲ್ಲಿ ಪೆಟ್ಟಿಗೆ ತಾಣವನ್ನೆಲ್ಲ ಹುಡುಕುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಕ್ರಾಲರ್ ಎಂಬ ಒಂದು ಓದುಯಂತ್ರ ಮೊದಲೇ ತಾಣವನ್ನು ಸುತ್ತಿ ಬಂದಿರುತ್ತದೆ. ಅದು ಮೊದಲ ಪುಟದಿಂದ ಹೊರಟು, ಅಲ್ಲಿರುವ ಕೊಂಡಿಗಳನ್ನು ಹಿಡಿದು ಎರಡನೆಯ ಪುಟಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಹೀಗೆ ಹೋಗುತ್ತದೆ. ಓದಿದ ಮಾತುಗಳನ್ನು, ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವಂತೆ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಬರೆದಿಡುತ್ತದೆ. ಇದಕ್ಕೆ ಇಂಡೆಕ್ಸ್ ಎನ್ನುತ್ತಾರೆ. ನಮಗೆ ಉತ್ತರ ಬರುವುದು ಈ ಸೂಚಿಯಿಂದಲೇ ಹೊರತು ತಾಣದಿಂದ ನೇರವಾಗಿ ಅಲ್ಲ. ಸೂಚಿಗೆ ಸೇರದ ಪುಟ ತಾಣದಲ್ಲಿದ್ದೂ ಹುಡುಕುವವನ ಪಾಲಿಗೆ ಇಲ್ಲ. ಇನ್ನೊಂದು ಕಡೆ, ತಾಣದಿಂದ ತೆಗೆದ ಪುಟದ ಮಾತುಗಳು ಮುಂದಿನ ಓದಿನವರೆಗೆ ಸೂಚಿಯಲ್ಲಿ ಉಳಿದೇ ಇರುತ್ತವೆ.

ಕ್ರಾಲರನ್ನು ಎಲ್ಲಿಗೆ ಬಿಡಬೇಕು ಎಂಬುದು ನಮ್ಮ ಕೈಯಲ್ಲಿದೆ. ನೀರು ಕಟ್ಟುವವನು ಒಂದು ಮಡೆ ತೆರೆದು ಇನ್ನೊಂದನ್ನು ಮುಚ್ಚುವಂತೆಯೇ ಇದು. ಎಲ್ಲಿಂದ ಹೊರಡಬೇಕು, ಯಾವ ವಿಭಾಗಗಳನ್ನು ಓದಬೇಕು, ಯಾವುದನ್ನು ಬಿಡಬೇಕು, ಎಷ್ಟು ಕೊಂಡಿಗಳ ಆಳಕ್ಕೆ ಇಳಿಯಬೇಕು, ಯಾವ ಬಗೆಯ ಕಡತಗಳನ್ನು ತೆರೆಯಬೇಕು, ಎಷ್ಟು ದಿನಕ್ಕೊಮ್ಮೆ ಮತ್ತೆ ಬರಬೇಕು, ಇವೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿ ಒಂದೇ ಪರದೆಯ ಮೇಲೆ ಇವೆ. ತಾಣ ಕಟ್ಟಿಕೊಟ್ಟವರು ಅದನ್ನು ‘ಎಲ್ಲವನ್ನೂ ಓದು’ ಎಂದು ಬಿಟ್ಟು ಹೋಗಿದ್ದರು. ನಾವೂ ನೋಡಿರಲಿಲ್ಲ.

ಹೊಸ ಸುತ್ತೋಲೆ ಕಾಣೆಯಾದ ಬಗೆ

ಮೊದಲ ಕಾರಣ, ಸುತ್ತೋಲೆಯನ್ನು ನಾವು ಕಾಗದದ ಫೋಟೋ ತೆಗೆದು ಪಿಡಿಎಫ್ ಮಾಡಿ ಏರಿಸಿದ್ದೆವು. ಕಣ್ಣಿಗೆ ಅದು ಅಕ್ಷರ, ಕ್ರಾಲರಿಗೆ ಬರಿಯ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆ, ಆದರೆ ನಮ್ಮ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ಸುತ್ತೋಲೆಯ ಟೈಪು ಮಾಡಿದ ಮೂಲ ಪ್ರತಿಯೂ ತಾಣದಲ್ಲಿತ್ತು. ಅದೂ ಸಿಗಲಿಲ್ಲ. ಇದು ನಮ್ಮ ಕನ್ನಡದವರೆಲ್ಲರ ಹಳೆಯ ಪಾಡು, ಸ್ವಲ್ಪ ವಿವರವಾಗಿ ಹೇಳಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದಾಗ ಪರದೆಯ ಮೇಲೆ ಕಾಣುವುದು ಕನ್ನಡವಾದರೂ, ಕಡತದ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಕ್ರಾಲರು ವೇಷವನ್ನು ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ನಾವು ಫೋನಿನಲ್ಲಿ ಬರೆಯುವ ‘ಅಡಿಕೆ’ ಯುನಿಕೋಡಿನದು. ಅದಕ್ಕೂ ಇದಕ್ಕೂ ಹೊಂದಿಕೆಯೇ ಇಲ್ಲ. ನಮ್ಮ ಗುಮಾಸ್ತರು ಇಂದಿಗೂ ಕೈ ಪಳಗಿದ ಹಳೆಯ ಫಾಂಟಿನಲ್ಲೇ ಬರೆಯುತ್ತಿದ್ದರು. ಅವರನ್ನು ದೂರಿ ಫಲವಿಲ್ಲ, ನಾಡಿನ ಎಷ್ಟೋ ಕಚೇರಿಗಳ ಕಪಾಟುಗಳು ಹೀಗೆಯೇ ತುಂಬಿವೆ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಬರುವುದರಿಂದ ಒಮ್ಮೆ ಕಣ್ಣಾಡಿಸಬೇಕು.

ಫೋರೇಟಿನ ಹಳೆಯ ಲೇಖನವನ್ನಾದರೋ ಕಾಲೇಜಿನ ಹುಡುಗರು ಶ್ರಮಪಟ್ಟು ಯುನಿಕೋಡಿನಲ್ಲಿ ಮರು ಟೈಪು ಮಾಡಿದ್ದರು. ಹೀಗಾಗಿ ತಾಣದಲ್ಲಿ ಓದಲು ಬರುತ್ತಿದ್ದುದು ಹಳತು, ಓದಲು ಬಾರದಿದ್ದುದು ಹೊಸತು! ಜೊತೆಗೆ ಹಳೆಯ ಲೇಖನದಲ್ಲಿ ‘ಗೊಣ್ಣೆಹುಳು’ ಎಂಬ ಮಾತು ಹತ್ತಾರು ಸಲ ಬಂದಿತ್ತು. ಸುತ್ತೋಲೆಯಲ್ಲಿ ‘ಬೇರುಹುಳು’ ಎಂದು ಬರೆದಿದ್ದೆವು. ಎರಡೂ ಒಂದೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಅಡಿಕೆ–ಅಡಕೆ, ಕೊಳೆರೋಗ–ಮಹಾಳಿ, ಹೀಗೆ ಸಮಾನಪದಗಳ ಪಟ್ಟಿಯೊಂದನ್ನು ಈಗ ಸೇರಿಸಿದ್ದೇವೆ. ತಮ್ಮ ಊರಿನ ಮಾತುಗಳಿದ್ದರೆ ಬರೆದು ಕಳುಹಿಸಿರಿ.

ಇನ್ನೊಂದು ಸಣ್ಣ ತಮಾಷೆ. ‘ಅಡಿಕೆ’ ಎಂದು ಹುಡುಕಿದರೆ ತಾಣದ ಎಲ್ಲ ಪುಟಗಳೂ ಬರುತ್ತಿದ್ದವು, ಸಿಬ್ಬಂದಿಯ ರಜೆಯ ಪ್ರಕಟಣೆ ಸಹ. ಸಂಘದ ಹೆಸರಿನಲ್ಲೇ ಅಡಿಕೆ ಇದೆ, ಹೆಸರು ಎಲ್ಲ ಪುಟದ ನೆತ್ತಿಯ ಮೇಲಿದೆ. ತಲೆಬರಹದ ಪಟ್ಟಿ, ಅಡಿಯ ಪಟ್ಟಿ ಬಿಟ್ಟು ನಡುವಿನ ಬರಹವನ್ನು ಮಾತ್ರ ಓದುವಂತೆ ತಿದ್ದಿದ ಮೇಲೆ ಈ ಕಾಟ ತಪ್ಪಿತು.

ಓದಿಸಬಾರದ್ದು

ಈ ತನಿಖೆಯಲ್ಲಿ ತೊಡಗಿದ್ದಾಗ ಇದಕ್ಕಿಂತ ಗಂಭೀರವಾದ ಸಂಗತಿಯೊಂದು ಹೊರಬಿತ್ತು. ಸದಸ್ಯರೊಬ್ಬರ ಹೆಸರನ್ನು ಪೆಟ್ಟಿಗೆಯಲ್ಲಿ ಬರೆದರೆ ಅವರ ಸಾಲದ ಬಾಕಿ ಬರುತ್ತಿತ್ತು. ಮಹಾಸಭೆಗೆಂದು ಸಿದ್ಧಪಡಿಸಿದ ಸುಸ್ತಿದಾರರ ಪಟ್ಟಿಯ ಎಕ್ಸೆಲ್ ಕಡತ ತಾಣದ ಕಡತಕೋಶದಲ್ಲಿ ಉಳಿದುಬಿಟ್ಟಿತ್ತು. ಹಳೆಯ ಸೂಚನೆಯೊಂದರಿಂದ ಅದಕ್ಕೆ ಕೊಂಡಿಯೂ ಇತ್ತು. ‘ಎಲ್ಲವನ್ನೂ ಓದು’ ಎಂದು ಹೇಳಿಸಿಕೊಂಡ ಕ್ರಾಲರು ಅದನ್ನೂ ಓದಿತು. ಒಂದು ಮನೆಯ ಬಾಕಿ ಆ ಮನೆಗೂ ಸಂಘಕ್ಕೂ ಸೇರಿದ ವಿಷಯ. ಹೆಣ್ಣು ನೋಡಲು ಬರುವವರು ಫೋನಿನಲ್ಲಿ ನೋಡಿಕೊಂಡು ಬರುವಂಥದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾನೂನು ಕೂಡ ಇದನ್ನು ಹಗುರವಾಗಿ ನೋಡುವುದಿಲ್ಲ. ಈ ಲೋಪಕ್ಕಾಗಿ ಸದಸ್ಯರ ಕ್ಷಮೆ ಕೋರುತ್ತೇವೆ.

ಇದನ್ನು ಸರಿಪಡಿಸಲು ಹೋಗಿ ನಾವು ಮತ್ತೊಂದು ತಪ್ಪು ಮಾಡಿದೆವು. ಅದನ್ನು ಹೇಳದೆ ಬಿಡಲಾಗದು, ಏಕೆಂದರೆ ಹಾಲಿನ ಸಂಘ, ಶಾಲಾ ಸಮಿತಿಗಳಲ್ಲಿ ಇರುವ ಬಾಂಧವರೂ ಇದೇ ಗುಂಡಿಗೆ ಬೀಳಬಹುದು. ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಒಂದು ಪುಟ್ಟ ಕಡತ ಪ್ರತಿ ತಾಣದ ಬಾಗಿಲಲ್ಲಿ ಇಡಬಹುದು. ಇಂತಿಂಥ ಕಡೆ ಬರಬೇಡಿ ಎಂದು ಕ್ರಾಲರುಗಳಿಗೆ ಅದರಲ್ಲಿ ಹೇಳುವುದು ಕ್ರಮ. ಮಾರ್ಟೈನ್ ಕಾಸ್ಟರ್ ಎಂಬವರು 1994ರಲ್ಲಿ ಹಾಕಿಕೊಟ್ಟ ಈ ಪದ್ಧತಿ 2022ರಲ್ಲಿ ಅಂತರಜಾಲದ ಲಿಖಿತ ನಿಯಮವೂ ಆಯಿತು. ನಾವು ಪಟ್ಟಿಯ ವಿಳಾಸವನ್ನು ಅದರಲ್ಲಿ ಬರೆದು ‘ಬರಬೇಡಿ’ ಎಂದು ನಿಶ್ಚಿಂತೆಯಾಗಿ ಕೂತೆವು.

ಆದರೆ ಆ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು! ಒಣ ಅಡಿಕೆ ತುಂಬಿದ ಕೋಣೆಗೆ ಬೀಗ ಹಾಕದೆ ‘ಇಲ್ಲಿ ಅಡಿಕೆ ಇದೆ, ಕದಿಯಬೇಡಿ’ ಎಂದು ಹಲಗೆ ತೂಗುಹಾಕಿದಂತಾಯಿತು. ಮರ್ಯಾದಸ್ಥ ಯಂತ್ರಗಳು ಹಲಗೆ ನೋಡಿ ಹಿಂದಿರುಗುತ್ತವೆ. ಉಳಿದವಕ್ಕೆ ಅದೇ ದಾರಿ ತೋರಿಸುತ್ತದೆ. ಸಾಲದ್ದಕ್ಕೆ, ಬೇರೆ ಕಡೆಯಿಂದ ಕೊಂಡಿ ಇದ್ದರೆ ಗೂಗಲ್‌ನಂಥವು ಒಳಗೆ ಓದದೆಯೇ ಆ ವಿಳಾಸವನ್ನು ಪಟ್ಟಿಯಲ್ಲಿ ತೋರಿಸಲೂ ಬಹುದು. ಪುಟದೊಳಗೇ ‘ನೋಇಂಡೆಕ್ಸ್’ ಎಂಬ ಗುರುತು ಹಾಕಿ ಸೂಚಿಯಿಂದ ಹೊರಗಿಡುವ ಇನ್ನೊಂದು ಕ್ರಮವಿದೆ. ಆದರೆ ಬಾಗಿಲಲ್ಲೇ ‘ಬರಬೇಡಿ’ ಎಂದರೆ ಕ್ರಾಲರು ಒಳಬಂದು ಆ ಗುರುತನ್ನು ನೋಡುವುದಾದರೂ ಹೇಗೆ? ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಗುಟ್ಟಿನ ಕಾಗದಕ್ಕೆ ಬೀಗವೊಂದೇ ದಾರಿ. ಪಟ್ಟಿಯನ್ನು ತಾಣದಿಂದ ತೆಗೆದು, ಸಿಬ್ಬಂದಿಯ ಪಾಸ್‌ವರ್ಡಿನ ಹಿಂದೆ ಇಟ್ಟೆವು. ನಮ್ಮ ಪೆಟ್ಟಿಗೆಯ ಸೂಚಿಯನ್ನು ಅಳಿಸಿ ಮೊದಲಿನಿಂದ ಕಟ್ಟಿದೆವು. ಅಲ್ಲಿಯವರೆಗೆ ಕಡತ ಹೋದರೂ ಹೆಸರು ಮತ್ತು ಮೊತ್ತದ ಸಾಲು ಬರುತ್ತಲೇ ಇತ್ತು. ಗೂಗಲಿಗೆ ಅವರದೇ ಸರ್ಚ್ ಕನ್ಸೋಲಿನ ಮೂಲಕ ತೆಗೆಯಲು ಕೋರಿದೆವು. ಆ ಕೋರಿಕೆ ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ. ಕಡತವೇ ಅಲ್ಲಿಲ್ಲದಿದ್ದರೆ ಅಷ್ಟರಲ್ಲಿ ಅದು ತಾನಾಗಿ ಬಿಟ್ಟುಹೋಗುತ್ತದೆ.

ಪಹಣಿಯ ಉದಾಹರಣೆ

ನಮ್ಮ ರಾಜ್ಯದ ಭೂಮಿ ಯೋಜನೆಯನ್ನು ನೋಡಿರಿ. 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಆರಂಭವಾದ ಅದರಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಂತರಜಾಲದಲ್ಲಿ ಪಹಣಿ ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರು ಕೊಡಬೇಕು. ಕ್ರಾಲರು ಕೊಂಡಿ ಹಿಡಿದು ನಡೆಯಬಲ್ಲದೇ ಹೊರತು, ಸಾಮಾನ್ಯವಾಗಿ ಹೀಗೆ ನಮೂನೆ ತುಂಬಿ ಮುಂದೆ ಹೋಗದು. ಆದ್ದರಿಂದ ತೂಬಗೆರೆಯ ರೈತರ ಹೆಸರನ್ನು ಗೂಗಲಿನಲ್ಲಿ ಬರೆದ ಮಾತ್ರಕ್ಕೆ ಅವರ ಪಹಣಿ ಬಂದು ನಿಲ್ಲುವುದಿಲ್ಲ.

ಪಹಣಿಗೆ ಇದು ಅನುಕೂಲ. ನಮ್ಮ ಧಾರಣೆಯ ಪುಟಕ್ಕೆ ಅನನುಕೂಲವಾಗಿತ್ತು. ದಿನಾಂಕ ಆರಿಸಿ ಒತ್ತಿದರೆ ಮಾತ್ರ ರಾಶಿ, ಬೆಟ್ಟೆಗಳ ಧಾರಣೆ ಕಾಣುವಂತೆ ಅದನ್ನು ಮಾಡಿಸಿದ್ದೆವು. ಕ್ರಾಲರಿಗೆ ಸಿಕ್ಕಿದ್ದು ಯಾವುದೋ ವರ್ಷದ ಪ್ರಕಟಣೆಯಲ್ಲಿದ್ದ ಹಳೆಯ ಧಾರಣೆ ಮಾತ್ರ. ಈಗ ತಿಂಗಳುವಾರು ಕೊಂಡಿಗಳ ಪುಟ ಮಾಡಿ, ಪ್ರತಿ ಸಾಲಿನ ಮುಂದೆ ದಿನಾಂಕ ಹಾಕಿದ್ದೇವೆ. ಹಳೆಯ ಸಂಚಿಕೆಗಳ ತೊಂದರೆ ಬೇರೆ: ವರ್ಷ, ತಿಂಗಳು, ಸಂಚಿಕೆ, ಲೇಖನ ಎಂದು ನಾಲ್ಕು ಮೆಟ್ಟಿಲು ಇಳಿಯಬೇಕು, ಕ್ರಾಲರಿಗೆ ಮೂರೇ ಮೆಟ್ಟಿಲ ಅಪ್ಪಣೆ ಇತ್ತು. ಮೊದಲ ಪುಟದಿಂದ ನೇರ ಕೊಂಡಿ ಇದ್ದ ಕೆಲವು ಲೇಖನಗಳಷ್ಟೇ ಸೂಚಿಗೆ ಸೇರಿದ್ದವು. ನಮ್ಮ ದುರದೃಷ್ಟಕ್ಕೆ ಫೋರೇಟಿನದು ಅವುಗಳಲ್ಲೊಂದು. ಆಳವನ್ನು ಹೆಚ್ಚಿಸುವ ಬದಲು ಎಲ್ಲ ವಿಳಾಸಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಮಾಡಿ ಕೊಟ್ಟಿದ್ದೇವೆ.

ಈಗಿನ ಏರ್ಪಾಡು

ಧಾರಣೆಯ ಪುಟವನ್ನು ಕ್ರಾಲರು ದಿನವೂ, ಲೇಖನಗಳನ್ನು ವಾರಕ್ಕೊಮ್ಮೆ ಓದುತ್ತದೆ. ಬಾಕಿ, ಪಾಸ್‌ಬುಕ್ಕು, ಆಧಾರ್, ಬ್ಯಾಂಕ್ ವಿವರ ಬೀಗದ ಹಿಂದೆ.

ಔಷಧಿಗಳ ಹಳೆಯ ಲೇಖನಗಳನ್ನು ಅಳಿಸಿಬಿಡಿ ಎಂದು ಆಡಳಿತ ಮಂಡಳಿಯಲ್ಲಿ ಕೆಲವರ ಅಭಿಪ್ರಾಯವಿತ್ತು. ನಾವು ಒಪ್ಪಲಿಲ್ಲ. ಆ ಲೇಖನಗಳಲ್ಲಿ ನೆರಳಿನ ಬಗ್ಗೆ, ಬಸಿಗಾಲುವೆಯ ಬಗ್ಗೆ ಹಿರಿಯರು ಬರೆದ ಮಾತುಗಳು ಇಂದಿಗೂ ಬೆಲೆಯುಳ್ಳವು. ಅವುಗಳನ್ನು ‘ಹಳೆಯ ಸಂಚಿಕೆ’ ಎಂಬ ಪ್ರತ್ಯೇಕ ವಿಭಾಗಕ್ಕೆ ಸೇರಿಸಿ ಸಾಮಾನ್ಯ ಹುಡುಕಾಟದಿಂದ ಹೊರಗಿಟ್ಟಿದ್ದೇವೆ. ಬೇಕೆಂದೇ ಆ ವಿಭಾಗವನ್ನು ಆರಿಸಿದವರಿಗೆ ಮಾತ್ರ ಅವು ದೊರೆಯುತ್ತವೆ. ಪುಟದ ನೆತ್ತಿಯ ಮೇಲೆ ಪ್ರಕಟವಾದ ವರ್ಷವೂ, ನಿಷೇಧಿತ ಔಷಧಿಯ ಹೆಸರಿದ್ದರೆ ಕೆಂಪಕ್ಷರದ ಸೂಚನೆಯೂ ಇರುತ್ತದೆ. ಈ ಸೂಚನೆ ಹಾಕುವ ಕೆಲಸ ಇನ್ನೂ ಮುಗಿದಿಲ್ಲ. ಮುಗಿಯುವ ತನಕ ಆ ವಿಭಾಗದ ಔಷಧಿ ಲೇಖನಗಳು ಮುಚ್ಚಿರುತ್ತವೆ.

ಸದಸ್ಯರಿಂದ ಒಂದು ಸಹಾಯ ಬೇಕು. ಬಿಡುವಾದಾಗ ಪೆಟ್ಟಿಗೆಯಲ್ಲಿ ಮೊದಲು ತಮ್ಮ ಹೆಸರನ್ನು, ಆಮೇಲೆ ತಮ್ಮ ತೋಟದ ಸದ್ಯದ ತೊಂದರೆಯನ್ನು ಬರೆದು ನೋಡಿರಿ. ಬರಬಾರದ್ದು ಬಂದರೆ, ಬರಬೇಕಾದ್ದು ಬಾರದಿದ್ದರೆ, ಬರೆದ ಮಾತನ್ನೂ ನೋಡಿದ ದಿನವನ್ನೂ ಒಂದು ಚೀಟಿಯಲ್ಲಿ ಗುರುತಿಸಿ ಕಾರ್ಯದರ್ಶಿಗಳಿಗೆ ತಲುಪಿಸಿರಿ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಸದಸ್ಯರು ಗೊಬ್ಬರ ಒಯ್ಯಲು ಬಂದಾಗ ಗೋದಾಮಿನ ಮೇಜಿನ ಮೇಲಿನ ಪುಸ್ತಕದಲ್ಲಿ ಬರೆದರೂ ಆಯಿತು.