ಬೆರಿಯ ಗಿಟಾರು, ನಿಮ್ಮ ಮ್ಯಾಂಡೊಲಿನ್ನು

ಪ್ರಶ್ನೆ: ಚಕ್ ಬೆರಿಯ ‘ಜಾನಿ ಬಿ. ಗುಡ್’ ಹಾಡನ್ನು ಮ್ಯಾಂಡೊಲಿನ್‌ಗೆ ಹೊಂದಿಸಲು ಹೊರಟಿದ್ದೇನೆ ಸರ್. ಗಿಟಾರಿನ ಸ್ವರಗಳನ್ನು ಒಂದೂ ಬಿಡದೆ ಎತ್ತಿಕೊಂಡೆ. ಬೆರಳು ತೊಡರುತ್ತದೆ, ಹಾಡೂ ಪೇಲವವಾಗಿ ಕೇಳುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಒಂದೂ ಬಿಡದೆ ಎತ್ತಿಕೊಂಡಿರಲ್ಲ, ತೊಡಕು ಅಲ್ಲೇ ಇದೆ. ಗಿಟಾರಿನ ತಂತಿಗಳ ನಡುವೆ ಹೆಚ್ಚಾಗಿ ಸ–ಮ ಅಂತರ. ಮ್ಯಾಂಡೊಲಿನ್‌ನಲ್ಲಿ ಸ–ಪ ಅಂತರ. ಅಲ್ಲಿ ಸಲೀಸಾದದ್ದು ಇಲ್ಲಿ ಕಷ್ಟ, ಅಲ್ಲಿ ಕಷ್ಟವಾದದ್ದು ಇಲ್ಲಿ ಸಲೀಸು. ಹಾಗಾಗಿ ಸ್ವರ ಬಿಟ್ಟರೂ ಸರಿ, ನಡೆ ಬಿಡಬೇಡಿ.

1958ರ ಮುದ್ರಿಕೆ ಬಿ ಫ್ಲಾಟ್ ಶ್ರುತಿಯಲ್ಲಿದೆ. ನೀವು ಅರ್ಧ ಸ್ವರ ಇಳಿಸಿ ಎ ಶ್ರುತಿಗೆ ತನ್ನಿ. ಹಾಡಿಗೆ ಬೇಕಾದದ್ದು ಎ, ಡಿ, ಇ ಮೂರೇ ಕಾರ್ಡ್. ಆ ಮೂರೂ ಹೆಸರಿನ ತಂತಿಗಳು ನಿಮ್ಮ ವಾದ್ಯದಲ್ಲೇ ಇವೆ. ಹನ್ನೆರಡು ಬಾರ್‌ಗಳ ಸುತ್ತು: ನಾಲ್ಕು ಎ, ಎರಡು ಡಿ, ಎರಡು ಎ, ಎರಡು ಇ, ಮತ್ತೆ ಎರಡು ಎ. ಬ್ಲೂಸ್ ಅಭ್ಯಾಸವಿರುವವರ ಕೈ ಹತ್ತನೇ ಬಾರ್‌ನಲ್ಲಿ ತಾನಾಗಿಯೇ ಡಿಗೆ ಜಾರುತ್ತದೆ. ಬೆರಿ ಅಲ್ಲಿ ಇ ಮೇಲೆಯೇ ನಿಲ್ಲುತ್ತಾನೆ, ನೀವೂ ನಿಲ್ಲಿ.

ಈಗ ನಡೆ. ಸ-ಪ, ಸ-ಪ, ಸ-ದ, ಸ-ದ ಎಂದು ತೂಗುವ ಆ ಬೂಗಿ ನಡೆಗೆ ಗಿಟಾರಿನವರು ಕಿರುಬೆರಳನ್ನು ಎಳೆದೆಳೆದು ಚಾಚಬೇಕು. ನಿಮಗೆ ಸ ಮತ್ತು ಪ ಒಂದೇ ಫ್ರೆಟ್‌ನಲ್ಲಿ ಅಕ್ಕಪಕ್ಕ ಸಿಗುತ್ತವೆ. ಎ ಕಾರ್ಡ್‌ಗೆ ಜಿ ಮತ್ತು ಡಿ ತಂತಿಗಳೆರಡನ್ನೂ ತೋರುಬೆರಳಿನಿಂದ 2ನೇ ಫ್ರೆಟ್‌ನಲ್ಲಿ ಒತ್ತಿ. ದ ಬರುವಾಗ ಡಿ ತಂತಿಯ 4ನೇ ಫ್ರೆಟ್‌ಗೆ ನಡುಬೆರಳು ಬೀಳಲಿ. ಇ ಕಾರ್ಡ್‌ಗೆ ಅದೇ ಕೈ ಡಿ ಮತ್ತು ಎ ತಂತಿಗಳ ಮೇಲೆ. ಡಿ ಕಾರ್ಡ್‌ಗೆ ಅದೇ ಎರಡು ತಂತಿಗಳನ್ನು ಖಾಲಿ ಬಿಟ್ಟು, ದ ಬಂದಾಗ ಎ ತಂತಿಯ 2ನೇ ಫ್ರೆಟ್ ಒತ್ತಿದರಾಯಿತು. ಹಾಡುವಾಗ ಕೈ ಇಷ್ಟೇ ಮಾಡಲಿ.

ಆರಂಭದ ಪ್ರಸಿದ್ಧ ಜೋಡಿಸ್ವರಕ್ಕೆ ಡಿ ತಂತಿಯ 2ನೇ ಫ್ರೆಟ್ ಒತ್ತಿ, ಖಾಲಿ ಎ ತಂತಿಯ ಜೊತೆ ಮೀಟಿ. ಮೊನಚು ಬೇಕೆಂದರೆ ಒಂದು ಸ್ಥಾಯಿ ಮೇಲೆ, ಎ ತಂತಿಯ 7ನೇ ಮತ್ತು ಇ ತಂತಿಯ 5ನೇ ಫ್ರೆಟ್. ಬೆರಿಗೂ ಇದು ಸ್ವಂತದ್ದಲ್ಲ: 1946ರ ಲೂಯಿ ಜೋರ್ಡನ್ ಹಾಡೊಂದರಲ್ಲಿ ಕಾರ್ಲ್ ಹೋಗನ್ ನುಡಿಸಿದ ಆರಂಭವೇ ಹೆಚ್ಚುಕಡಿಮೆ ಇಲ್ಲಿಗೆ ಬಂದಿದೆ. ಅವನೇ ಎತ್ತಿಕೊಂಡದ್ದನ್ನು ನೀವು ನಾಲ್ಕು ಸ್ವರ ಕಡಿಮೆ ಮಾಡಿ ನುಡಿಸಿದರೆ ಯಾರೂ ಕೇಸು ಹಾಕುವುದಿಲ್ಲ.

ಪೇಲವ ಎಂದಿರಲ್ಲ, ಅದಕ್ಕೆ ಕಾರಣ ಬೇರೆ. ನಿಮ್ಮ ಅತಿ ದಪ್ಪ ತಂತಿಯೇ ಗಿಟಾರಿನ ಮೂರನೇ ತಂತಿಯಷ್ಟು ಎತ್ತರದ್ದು. ಕೆಳಗಿನ ನಾದ ಎಲ್ಲಿಂದ ಬರಬೇಕು? ಗೆಳೆಯರೊಬ್ಬರು ಗಿಟಾರ್ ಹಿಡಿದರೆ ಬೂಗಿಯನ್ನು ಅವರಿಗೇ ಬಿಟ್ಟು, ನೀವು ಎರಡು ಮತ್ತು ನಾಲ್ಕನೇ ಎಣಿಕೆಗೆ ಮಾತ್ರ ಕಾರ್ಡ್ ಹೊಡೆಯಿರಿ. ಹೊಡೆದ ಕೂಡಲೇ ಎಡಗೈ ಸಡಿಲಿಸಿದರೆ ನಾದ ಕತ್ತರಿಸಿ, ಡ್ರಮ್ಮಿನ ಪೆಟ್ಟಿನಂತೆ ಕೇಳುತ್ತದೆ. ಬ್ಲೂಗ್ರಾಸ್‌ನವರು ‘ಚಾಪ್’ ಎನ್ನುವುದು ಇದನ್ನೇ. ಡಿ ತಂತಿಯ 7, ಎ ತಂತಿಯ 4, ಇ ತಂತಿಯ 5 ಒತ್ತಿದರೆ ಎ ಕಾರ್ಡ್. ಅದೇ ಆಕಾರ ದಪ್ಪ ತಂತಿಯ ಕಡೆಗೆ ಒಂದು ತಂತಿ ಸರಿದರೆ ಡಿ, ಅಲ್ಲಿಂದ ಎರಡು ಫ್ರೆಟ್ ಮೇಲೇರಿದರೆ ಇ. ದಯವಿಟ್ಟು ಟ್ರೆಮೊಲೊ ಬೇಡ. ಇಡೀ ಹಾಡು ಇಟಲಿಯ ದೋಣಿಗೀತೆಯಾಗಿಬಿಡುತ್ತದೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿರುವವಳು. ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನನ್ನು ಸ-ಪ-ಸ-ಪ ಎಂದು ಕಟ್ಟಿದ್ದೇನೆ. ಈ ಹಾಡಿಗಾಗಿ ಶ್ರುತಿ ಬದಲಿಸಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡಮ್ಮ. ನಿಮ್ಮ ನಡುವಿನ ಪ ಮತ್ತು ಸ ತಂತಿಗಳನ್ನು ಖಾಲಿಯಾಗಿ ಒಟ್ಟಿಗೆ ಮೀಟಿ ನೋಡಿ, ಬೆರಿಯ ಜೋಡಿಸ್ವರ ಅದೇ! ಬೂಗಿಗೆ ಕೆಳಗಿನ ಸ-ಪ ಜೋಡಿ: ಮೊದಲ ಕಾರ್ಡ್‌ಗೆ ಖಾಲಿ ತಂತಿ, ಮುಂದಿನ ಎರಡಕ್ಕೆ 5 ಮತ್ತು 7ನೇ ಫ್ರೆಟ್. ಜೋಡಿ ತಂತಿಯವರಿಗಿಲ್ಲದ ಇನ್ನೊಂದು ಅನುಕೂಲ ನಿಮಗಿದೆ. ಯು. ಶ್ರೀನಿವಾಸ್ ಒಂಟಿ ತಂತಿ ಹಿಡಿದದ್ದು ಗಮಕಕ್ಕಾಗಿ. ಬ್ಲೂಸ್‌ಗೂ ಅದೇ ಬೇಕು. ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ತಂತಿ ಎಳೆಯಿರಿ, ಇಲ್ಲವೇ ಜಾರು ಹಾಕಿ. ಆದರೆ ಕಂಪಿತ ಬೇಡ.

ಪ್ರಶ್ನೆ: ರಾಕ್ ಅಂಡ್ ರೋಲ್‌ಗೂ ಮ್ಯಾಂಡೊಲಿನ್‌ಗೂ ಎತ್ತಣಿಂದೆತ್ತ ಸಂಬಂಧ?
– ಓದುಗರೊಬ್ಬರು, ಬೆಂಗಳೂರು

ಉತ್ತರ: 1954ರಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ತಟ್ಟೆ ಮೆಂಫಿಸ್‌ನ ಸನ್ ಕಂಪನಿಯಿಂದ ಬಂತು. ಅದರ ಹಿಂಬದಿಯಲ್ಲಿದ್ದ ‘ಬ್ಲೂ ಮೂನ್ ಆಫ್ ಕೆಂಟಕಿ’ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೊನ ರಚನೆ. ಮೂರು ಎಣಿಕೆಯ ಆ ವಾಲ್ಟ್ಸನ್ನು ಎಲ್ವಿಸ್ ನಾಲ್ಕಕ್ಕೆ ತಿರುಗಿಸಿ ಹಾಡಿದ. ಮನ್ರೊ ಮುನಿಸಿಕೊಳ್ಳಲಿಲ್ಲ, ಅದೇ ವರ್ಷ ತಾನೂ ಮತ್ತೆ ಮುದ್ರಿಸಿದಾಗ ಮೂರರಲ್ಲಿ ಶುರುಮಾಡಿ ನಡುವೆ ನಾಲ್ಕಕ್ಕೆ ಹಾರಿದ.